ಏರಿಗೆ ಬಂದವರು

"ಗುರುಗಳೇ, ನಮ್ಮ ಊರಿನಲ್ಲಿ ಬಡವರ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ, ನಿಜ. ಆದರೆ ಅವರ ಜಾಗಕ್ಕೆ ಬರುತ್ತಿರುವವರು ಉಳ್ಳವರು. ಹೋದ ಸಂಪತ್ತಿಗಿಂತ ಬಂದ ಸಂಪತ್ತೇ ಹೆಚ್ಚು. ಹೀಗಿರುವಾಗ ಹೋದವರನ್ನು ಏಕೆ ಲೆಕ್ಕಕ್ಕೆ ಹಿಡಿಯಬೇಕು?" ಎಂದು ಶಿಷ್ಯ ಚೆನ್ನವೀರ ಕೇಳಿದ. ಅವನು ಊರ ಗೌಡರ ಮಗ.

ಗುರುಗಳ ಮುಖ ಕೆಂಪಾಯಿತು. ಕೂತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಒಂದು ಊರಿಗೆ ಒಂದು ಕೆರೆ. ಕೆರೆಯ ಏರಿಗೆ ಅಪಾಯ ಬಂದರೆ ನಗಾರಿ ಬಡಿಯುತ್ತಿದ್ದರು. ಸದ್ದು ಕೇಳಿದೊಡನೆ ಮನೆಗೊಬ್ಬರು ಬುಟ್ಟಿ ಹಿಡಿದು ಓಡಿ ಬಂದು ಮಣ್ಣು ಹೊರಬೇಕು. ಏರಿಗೆ ಬಂದ ಮನೆಗೆ ಬೇಸಿಗೆಯಲ್ಲಿ ಕೆರೆಯ ನೀರು. ಇದು ಅಲ್ಲಿನ ಕಟ್ಟಳೆ.

ಒಬ್ಬ ರೈತ ಅಲ್ಲಿ ಊರೊಟ್ಟಿನ ಹೊಲವನ್ನು ಗುತ್ತಿಗೆಗೆ ಉಳುತ್ತಿದ್ದ. ಅವನ ಅಪ್ಪನೂ ಅದನ್ನೇ ಉತ್ತವನು. ಪಟ್ಟಣದ ವರ್ತಕನೊಬ್ಬ ಬಂದು ಹೆಚ್ಚು ಗುತ್ತಿಗೆ ಕೊಡುತ್ತೇನೆಂದ. ಆ ಊರಿನ ಗೌಡ ಹಿಂದೆಮುಂದೆ ನೋಡದೆ ಹೊಲವನ್ನೂ ಅದರ ಮಗ್ಗುಲಲ್ಲಿ ರೈತ ವಾಸವಿದ್ದ ಮನೆಯನ್ನೂ ವರ್ತಕನಿಗೆ ಕೊಟ್ಟುಬಿಟ್ಟ. ರೈತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪಕ್ಕದ ಊರಿನ ಗಡಿಯಲ್ಲಿ ಗುಡಿಸಲು ಹಾಕಿದ. ಹೀಗೆಯೇ ಇನ್ನೂ ಹಲವರು ಹೋದರು, ಹಲವು ವರ್ತಕರು ಬಂದರು. ತನ್ನ ಕಾಲದಲ್ಲಿ ಊರು ಉದ್ಧಾರವಾಯಿತೆಂದು ಗೌಡ ಬೀಗಿದ.

ಆ ಮಳೆಗಾಲ ಏರಿ ಜಿನುಗತೊಡಗಿತು. ನಗಾರಿ ಕೇಳಿ ರೈತ ಬುಟ್ಟಿ ಹಿಡಿದು ಎದ್ದ. ಅದೀಗ ನಮ್ಮೂರಲ್ಲ ಎಂದು ಹೆಂಡತಿ ತಡೆದಳು. ಮಣ್ಣು ಹೊತ್ತರೆ ನೀರಿನ ಹಕ್ಕಾದರೂ ಉಳಿದೀತು, ಗುಡಿಸಲ ಪಕ್ಕದ, ಕೆರೆಯ ಕಾಲುವೆ ಮುಟ್ಟುವ ತುಂಡು ನೆಲದಲ್ಲಿ ವರ್ಷದ ಅನ್ನ ಬೆಳೆದೇನು ಎಂದುಕೊಂಡು ಅವನು ಓಡಿದ. ಊರು ಬಿಟ್ಟ ಉಳಿದವರೂ ಓಡಿ ಬಂದರು. ವರ್ತಕರು ಬರಲಿಲ್ಲ, ಆಳಿನ ಕೈಯಲ್ಲಿ ಹಣದ ಚೀಲ ಕಳಿಸಿದರು. ಏರಿ ಉಳಿದದ್ದು ಹೋದವರ ಹೆಗಲಿನಿಂದ.

ಬೇಸಿಗೆ ಬಂತು. ರೈತ ನೀರು ಕೇಳಲು ಹೋದ. ಹಣ ಕಳಿಸಿದವರ ಗದ್ದೆಗಳಿಗೆ ಆಗಲೇ ನೀರು ಹರಿಯುತ್ತಿತ್ತು.

"ನೀರು ಊರಿನ ಮನೆಗಳಿಗೆ ಕಣಪ್ಪ. ನಿನ್ನ ಮನೆ ಈ ಊರಲ್ಲಿಲ್ಲವಲ್ಲ" ಎಂದ ಗೌಡ.

"ಮಣ್ಣು ಹೊರೋವಾಗ ಈ ಮಾತು ನಿಮ್ಮ ಬಾಯಿಗೆ ಬರಲಿಲ್ಲವಲ್ಲ ಗೌಡ್ರೇ" ಎಂದ ರೈತ. ಬರಿಗೈಯಲ್ಲಿ ಹಿಂದಿರುಗಿದ. ಅವನ ಪೈರು ಒಣಗಿತು.

ಇಲ್ಲಿ ಗುರುಗಳು ಕತೆ ನಿಲ್ಲಿಸಿದರು. ಕೆಸರು ಹೊತ್ತವನು ಒಬ್ಬ, ನೀರು ಕುಡಿದವನು ಇನ್ನೊಬ್ಬ, ಇದನ್ನು ಉದ್ಧಾರ ಎಂದು ಕರೆಯಲು ನಾಚಿಕೆಯಾದರೂ ಬೇಡವೆ ಎಂದರು. ಆಮೇಲೆ ಮುಂದುವರಿಸಿದರು.

ಮರುಮಳೆಗಾಲದಲ್ಲಿ ಏರಿ ಬಿರುಕುಬಿಟ್ಟಿತು. ನಗಾರಿ ಬಡಿದೇ ಬಡಿದರು. ರೈತ ಬುಟ್ಟಿ ಕೈಗೆತ್ತಿಕೊಂಡ. ಪೈರಿಲ್ಲದ ನೆಲದ ಕಡೆ ನೋಡಿದ. ಬುಟ್ಟಿಯನ್ನು ಕೆಳಗಿಟ್ಟ. ಊರು ಬಿಟ್ಟ ಉಳಿದವರೂ ಬರಲಿಲ್ಲ. ಏರಿಯ ಮೇಲೆ ಗೌಡನೊಬ್ಬನೇ ನಿಂತಿದ್ದ, ಕಾಲ ಬಳಿ ಹಣದ ಚೀಲಗಳಿದ್ದವು. ಕೆರೆ ಒಡೆಯಿತು.

ಚೆನ್ನವೀರನಿಗೆ ತಡೆಯಲಾಗಲಿಲ್ಲ. "ಸಿಟ್ಟು ಎಷ್ಟೇ ಇರಲಿ, ಆ ರೈತ ಬರಬೇಕಿತ್ತು ಗುರುಗಳೇ" ಎಂದ.

ಗುರುಗಳು ಅವನನ್ನೇ ನೋಡಿದರು.

"ಹೋದವರನ್ನು ಏಕೆ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳಿದವನು ನೀನೇ ಅಲ್ಲವೆ?"