ಕೆಂಚಣ್ಣ ಕೆಡವದ ಗೋಡೆ

ಕಂಬದಪುರದಲ್ಲಿ ಕೆಂಚಣ್ಣ ಎಂಬ ಮೇಸ್ತ್ರಿ ಇದ್ದ. ಮೇಸ್ತ್ರಿ ಎಂದ ಕೂಡಲೇ ಮನೆ ಕಟ್ಟುವವನು ಅಂದುಕೊಳ್ಳಬೇಡಿ. ಇವನು ಕೆಡವುವ ಮೇಸ್ತ್ರಿ. ಹಳೆಯ ಮಾಳಿಗೆ, ಛತ್ರ, ಗೋದಾಮು, ಯಾವುದೇ ಇರಲಿ, ಪಕ್ಕದ ಮನೆಯ ಒಂದು ಹೆಂಚೂ ಅಲುಗದ ಹಾಗೆ ನೆಲಸಮ ಮಾಡಿಕೊಡುತ್ತಿದ್ದ. ಮೂವತ್ತು ವರ್ಷದಲ್ಲಿ ಒಪ್ಪಿಕೊಂಡ ಒಂದು ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಅವನು ಗುದ್ದಲಿ ಹೆಗಲಿಗೇರಿಸಿ ಬೀದಿಗಿಳಿದರೆ ಜನ, "ಇವತ್ತು ಯಾವ ಗೋಡೆಗೆ ಗ್ರಹಚಾರ ಕಾದಿದೆಯೋ!" ಎಂದು ನಗುತ್ತಿದ್ದರು. ಕೆಂಚಣ್ಣನಿಗೆ ಅದನ್ನು ಕೇಳಿದರೆ ಬಿರುದು ಸಿಕ್ಕಷ್ಟು ಖುಷಿ.

ಅಪ್ಪ ಅವನಿಗೆ ಎರಡು ಕಟ್ಟುಪಾಡು ಕಲಿಸಿ ಹೋಗಿದ್ದ. ಮೊದಲ ಏಟು ಹಾಕುವ ಮುಂಚೆ ಆ ಕಟ್ಟಡದೊಳಗೇ ಕೂತು ಒಂದು ಊಟ ಮಾಡಬೇಕು, ಮೊದಲ ತುತ್ತನ್ನು ಗೋಡೆಯ ಬುಡಕ್ಕೆ ಇಡಬೇಕು. ಆಮೇಲೆ, ಕಟ್ಟುವಾಗ ಯಾವುದು ಕೊನೆಗೆ ಸೇರಿತೋ ಕೆಡವುವಾಗ ಅದನ್ನೇ ಮೊದಲು ತೆಗೆಯಬೇಕು. ಯಾಕೆ ಎಂದು ಅಪ್ಪ ಹೇಳಿರಲಿಲ್ಲ, ಮಗನೂ ಕೇಳಿರಲಿಲ್ಲ. ಆದರೆ ಒಂದು ಸಲವೂ ತಪ್ಪಿಸಿರಲಿಲ್ಲ.

ಹೀಗೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಕೆಂಚಣ್ಣನಿಗೆ ಪೆಟ್ಟು ಬಿದ್ದದ್ದು ಬೀಗರಿಂದ. ಮಗಳ ಮಾವ ಈರತಿಮ್ಮಯ್ಯನದು ಬಾವಿ ಕಟ್ಟುವ ಕಸುಬು. ಹಿಂದೊಮ್ಮೆ ಕೆಂಚಣ್ಣ ಆ ಊರಿಗೆ ಹೋಗಿದ್ದಾಗ ಈರತಿಮ್ಮಯ್ಯ ತಾನು ಕಟ್ಟಿದ ಏಳು ಬಾವಿಗೂ ಕರೆದೊಯ್ದು, ಒಂದೊಂದರಲ್ಲೂ ಚೊಂಬು ತುಂಬ ನೀರು ಕುಡಿಸಿ ಕಳಿಸಿದ್ದ. ಈಗ ಕಂಬದಪುರಕ್ಕೆ ಬಂದವನು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ನಿಂತ.

"ನಡೀರಿ ಬೀಗರೇ, ಈಗ ನಿಮ್ಮ ಕೆಲಸ ತೋರ್ಸಿ."

ಕೆಂಚಣ್ಣ ಹುರುಪಿನಿಂದಲೇ ಹೊರಟ. ಪೇಟೆ ಬೀದಿಯಲ್ಲಿ ನಿಂತು, "ಇಲ್ಲಿ ಎರಡು ಅಂತಸ್ತಿನ ಮಾಳಿಗೆ ಇತ್ತು. ನಾಲ್ಕೇ ದಿನದಲ್ಲಿ ಇಳಿಸಿದೆ" ಎಂದ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಇತ್ತು. "ಇಲ್ಲಿ ದೊಡ್ಡ ಛತ್ರ" ಎಂದ. ಅಲ್ಲಿ ಬೈಕು ನಿಲ್ಲಿಸಿದ್ದರು. "ಇಲ್ಲಿ ನಾವೆಲ್ಲ ಓದಿದ ಸ್ಕೂಲು" ಎಂದ. ಅಲ್ಲಿ ಮುಳ್ಳುತಂತಿಯ ಬೇಲಿ, ಬೇಲಿಯೊಳಗೆ ಪಾರ್ಥೇನಿಯಂ ಗಿಡ.

ಈರತಿಮ್ಮಯ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕ. "ಆಗಿಂದ ಬರೀ ಗಾಳಿ ತೋರಿಸ್ತಾ ಇದ್ದೀರಲ್ಲ ಬೀಗರೇ! ಕೈಯಲ್ಲಿ ಮುಟ್ಟೋ ಹಂಗೆ ಒಂದಾದ್ರೂ ಇಲ್ವಾ?"

ಬೀಗರು ಬೀಗರನ್ನು ಆಡಿಕೊಳ್ಳುವುದು ಲೋಕರೂಢಿ. ಕೆಂಚಣ್ಣನೂ ನಕ್ಕ. ಆದರೆ ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಅಲ್ಲೇ ಉಳಿಯಿತು. ಮೂವತ್ತು ವರ್ಷ ಬೆವರು ಸುರಿಸಿದವನಿಗೆ ಬೆರಳು ಮಾಡಿ ತೋರಿಸಲು ಏನೂ ಇಲ್ಲವಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಅದಾದ ತಿಂಗಳಿಗೇ ಪುರಸಭೆ ಅಧ್ಯಕ್ಷ ಪರಮಶಿವಯ್ಯನಿಂದ ಕರೆ ಬಂತು. ಕೆಡವಬೇಕಾದದ್ದು ಊರಿನ ಹೂವಿನ ಮಂಟಪ. ನೂರಿಪ್ಪತ್ತು ವರ್ಷದ ಕಟ್ಟಡ. ಮೂರು ಅಡಿ ದಪ್ಪದ ಗೋಡೆ, ಎತ್ತರದ ಚಾವಣಿ, ಸುತ್ತಲೂ ಕಮಾನುಗಳು. ಒಳಗೆ ಮೂವತ್ತು ಮಂದಿ ಹೆಂಗಸರು ಹೂ ಕಟ್ಟಿ ಮಾರುತ್ತಿದ್ದರು.

"ಗೋಡೆ ಬೆವರ್ತಾ ಇದೆ, ಗಾರೆ ಉದುರ್ತಾ ಇದೆ. ಯಾರ ತಲೆ ಮೇಲಾದ್ರೂ ಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ" ಎಂದ ಅಧ್ಯಕ್ಷ. "ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಬರುತ್ತೆ. ಯುಗಾದಿಗೆ ಮುಂಚೆ ನೆಲ ಚೊಕ್ಕ ಆಗಿರ್ಬೇಕು ಮೇಸ್ತ್ರಿ."

ಹತ್ತು ಜನರ ಎದುರು ಅಧ್ಯಕ್ಷ ವೀಳ್ಯ ಚಾಚಿದ. ಕೆಂಚಣ್ಣ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ವೀಳ್ಯ ಹಿಡಿದ ಮೇಲೆ ಮಾತು ಕೊಟ್ಟ ಹಾಗೆ.

ಮಂಟಪಕ್ಕೆ ಹೋದರೆ ಬಾಗಿಲಲ್ಲೇ ಗಂಗಹನುಮಕ್ಕ ಅಡ್ಡ ನಿಂತಿದ್ದಳು. ಎಪ್ಪತ್ತರ ಹೂವಾಡಗಿತ್ತಿ, ಕಿವಿಯ ತುಂಬ ಓಲೆ, ಬಾಯಿಯ ತುಂಬ ಮಾತು.

"ಬಾರಪ್ಪ ಕೆಂಚಣ್ಣ, ಊರಲ್ಲಿ ಇದೊಂದು ಉಳ್ಕಂಡಿತ್ತು. ನಿನ್ನ ಕಣ್ಣು ಇದರ ಮ್ಯಾಲೂ ಬಿತ್ತಾ?"

"ನಾನೇನ್ ಮಾಡ್ಲಿ ಅಕ್ಕಾ? ವೀಳ್ಯ ತಗಂಡೀನಿ."

"ತಗಡಿನ ಶೆಡ್ ಹಾಕ್ಕೊಡ್ತಾರಂತೆ ನಮಗೆ. ತಗಡಿನ ಕೆಳಗೆ ಮಲ್ಲಿಗೆ ಇಟ್ರೆ ಹನ್ನೊಂದು ಗಂಟೆಗೆ ಬೆಂದು ಸೊಪ್ಪಾಗ್ತೈತೆ. ಇಲ್ಲಿ ಸಂಜೆಗಂಟ ಕಣ್ಣು ಬಿಟ್ಟಂಗೆ ಇರ್ತೈತೆ. ಬಾಡಿದ ಹೂವ ಯಾರು ಮುಡೀತಾರೆ ಹೇಳು? ನಾವು ಮೂವತ್ತು ಜನ ಯಾವ ಬೀದೀಲಿ ಕೂರಾನ?" ಎಂದಳು. ಆಮೇಲೆ ದನಿ ಇಳಿಸಿ, "ಇದನ್ನ ಕಟ್ಟುವಾಗ ಗಾರೆಗೆ ಊರಿನ ಮನೆಮನೆಯಿಂದ ಒಂದೊಂದು ಕೊಡ ಬೆಲ್ಲದ ನೀರು ಕೊಟ್ಟಿದ್ರಂತೆ. ನಮ್ಮಜ್ಜಿನೂ ಹೊತ್ತಿದ್ಲು. ನಿಮ್ಮ ಮನೆ ಕೊಡಾನೂ ಇದರಾಗೈತೆ ಕಣಪ್ಪ" ಎಂದಳು.

ಕೆಂಚಣ್ಣ ಕಟ್ಟುಪಾಡಿನಂತೆ ಬುತ್ತಿ ಬಿಚ್ಚಿ, ಮೊದಲ ತುತ್ತು ಮುದ್ದೆಯನ್ನು ಗೋಡೆಯ ಬುಡಕ್ಕಿಟ್ಟು, ಒರಗಿ ಕೂತು ಉಣ್ಣತೊಡಗಿದ. ಊಟ ಮುಗಿಯುವಷ್ಟರಲ್ಲಿ ಬೆನ್ನಿನ ಅಂಗಿ ಒದ್ದೆಯಾಗಿತ್ತು.

ಅವನು ತಿರುಗಿ ಗೋಡೆ ಮುಟ್ಟಿದ. ಮಳೆ ನಿಂತು ನಾಲ್ಕು ತಿಂಗಳಾಗಿದೆ. ಚಾವಣಿ ಸೋರಿದ ಒಂದು ಗುರುತೂ ಇಲ್ಲ. ಮತ್ತೆ ಈ ನೀರು ಎಲ್ಲಿಂದ ಬಂತು? ಕೆಡವುವವನಿಗೆ ಈ ಪ್ರಶ್ನೆ ಬೇಕಾಗಿರಲಿಲ್ಲ. ಬೀಗರ ಮಾತು ಚುಚ್ಚದೆ ಇದ್ದಿದ್ದರೆ ಅವನು ಕೇಳಿಕೊಳ್ಳುತ್ತಲೂ ಇರಲಿಲ್ಲವೇನೋ.

"ಕೊನೆಗೆ ಸೇರಿದ್ದು ಯಾವುದು ಅಕ್ಕಾ ಇಲ್ಲಿ?" ಎಂದು ಕೇಳಿದ.

"ಇದೇ ಸಿಮೆಂಟು. ಹನ್ನೆರಡು ವರ್ಷದ ಹಿಂದೆ ಇದೇ ಅಧ್ಯಕ್ಷ ಗೋಡೆ ಗಟ್ಟಿ ಆಗ್ಲಿ ಅಂತ ಸುತ್ತ ಬಳಿಸಿದ್ದು. ಹೆಸರು ಬೇರೆ ಕೆತ್ತಿಸ್ಕಂಡವ್ನೆ, ನೋಡಲ್ಲಿ."

ಕೆಂಚಣ್ಣ ಉಳಿ ಸುತ್ತಿಗೆ ತೆಗೆದುಕೊಂಡು ಮೊದಲು ಆ ಸಿಮೆಂಟಿಗೇ ಕೈ ಹಾಕಿದ. ನಾಲ್ಕು ಏಟಿಗೆ ಹಪ್ಪಳದಷ್ಟು ಸಲೀಸಾಗಿ ಒಂದು ದೊಡ್ಡ ಚಕ್ಕೆ ಕಳಚಿ ಬಿತ್ತು. ಹಿಂದಿನಿಂದ ನೀರು ಒಸರಿ ನೆಲಕ್ಕಿಳಿಯಿತು. ಅದರ ಕೆಳಗಿನ ಹಳೆಯ ಗೋಡೆಗೆ ಉಳಿ ಇಟ್ಟು ಹೊಡೆದ. ಠಣ್ ಎಂದಿತು. ಉಳಿ ಕೈಯಿಂದ ಪುಟಿದು ಹಾರಿತು.

ಅವನಿಗೆ ಈಗ ಅರ್ಥವಾಯಿತು. ಗೋಡೆಗೆ ಏನೂ ಆಗಿರಲಿಲ್ಲ. ನೆಲದ ಪಸೆ ಗೋಡೆಗೆ ಏರುವುದು ಸಹಜ. ಹಳೆಯ ಗಾರೆ ಅದನ್ನು ಗಾಳಿಗೆ ಬಿಟ್ಟು ನೂರು ವರ್ಷ ತಣ್ಣಗೆ ಇತ್ತು. ಮೇಲೆ ಸಿಮೆಂಟು ಬಳಿದ ದಿನದಿಂದ ನೀರಿಗೆ ಹೊರಗೆ ದಾರಿಯಿಲ್ಲ. ಗಟ್ಟಿ ಮಾಡುತ್ತೇವೆ ಎಂದು ಗೋಡೆಯ ಮೂಗು ಮುಚ್ಚಿಬಿಟ್ಟಿದ್ದರು! ಉದುರುತ್ತಿದ್ದದ್ದೂ ಹಳೆಯದಲ್ಲ, ಅಧ್ಯಕ್ಷರ ಸಿಮೆಂಟೇ.

ಕೆಂಚಣ್ಣ ಆಳುಗಳನ್ನು ಕರೆದು, "ಸಿಮೆಂಟು ಪೂರಾ ಕೀಳಿ. ಅದರ ಕೆಳಗೆ ಒಂದು ಇಟ್ಟಿಗೆ ಅಲುಗಬಾರದು" ಎಂದ. ಕೆಲಸ ಎರಡು ದಿನಕ್ಕೆ ಮುಗಿಯಿತು. ಆಮೇಲೆ ಹದಿನೈದು ದಿನ ಅವನು ಏನೂ ಮಾಡಲಿಲ್ಲ. ದಿನಾ ಬಂದು ಗೋಡೆ ಮುಟ್ಟಿ ಹೋಗುತ್ತಿದ್ದ ಅಷ್ಟೆ. ಊರಿನ ನಾಲಿಗೆಗೆ ಹಬ್ಬವಾಯಿತು. "ಕೆಂಚಣ್ಣನಿಗೆ ವಯಸ್ಸಾಯ್ತು" ಎಂದರು. "ವೀಳ್ಯ ತಿಂದು ಮಾತು ನುಂಗಿದ" ಎಂದರು. ಮೂವತ್ತು ವರ್ಷದ ಹೆಸರು ಹದಿನೈದು ದಿನದಲ್ಲಿ ಮಣ್ಣುಪಾಲಾಗುವುದನ್ನು ಅವನು ಹಲ್ಲು ಕಚ್ಚಿ ನೋಡಿದ. ಗೋಡೆ ಮಾತ್ರ ದಿನದಿಂದ ದಿನಕ್ಕೆ ಒಣಗುತ್ತ ಬಂತು.

ಹದಿನಾರನೆಯ ದಿನ ಪರಮಶಿವಯ್ಯ ಜೆಸಿಬಿ ತಂದು ನಿಲ್ಲಿಸಿದ. ಊರೇ ಸೇರಿತು.

"ಏನ್ ಮೇಸ್ತ್ರಿ, ಕೈಲಾಗಲ್ಲ ಅಂತ ಮೊದಲೇ ಹೇಳೋದಲ್ವಾ?"

ಕೆಂಚಣ್ಣ ದೊಡ್ಡ ಸಮ್ಮಟಿಯನ್ನು ತಂದು ಅಧ್ಯಕ್ಷನ ಕೈಗಿಟ್ಟ. "ಗೋಡೆ ಬೀಳ್ತದೆ ಅಂದೋರು ನೀವು ಸ್ವಾಮಿ. ನಿಮಗೆ ಇಷ್ಟ ಬಂದ ಕಡೆ ಮೂರು ಏಟು ಹಾಕಿ. ಒಂದೇ ಒಂದು ಇಟ್ಟಿಗೆ ಉದುರಿದ್ರೆ ಸಂಜೆ ಒಳಗೆ ನಾನೇ ಪೂರ್ತಿ ಕೆಡವಿ, ನನ್ನ ಗುದ್ದಲೀನೂ ಇಲ್ಲೇ ಹೂಳ್ತೀನಿ. ಉದುರದಿದ್ರೆ ನಿಮ್ಮ ವೀಳ್ಯ ನೀವು ವಾಪಸ್ ತಗೋಬೇಕು."

ಊರೆಲ್ಲ ನೋಡುತ್ತಿರುವಾಗ ಅಧ್ಯಕ್ಷ ಹಿಂದೆ ಸರಿಯುವುದುಂಟೆ? ಶಾಲು ಸರಿಪಡಿಸಿಕೊಂಡು ಮೊದಲ ಏಟು ಹಾಕಿದ. ಠಣ್! ಒಂದಿಷ್ಟು ಸುಣ್ಣದ ಪುಡಿ ಹಾರಿತು. ಎರಡನೆಯದಕ್ಕೆ ಶಾಲು ಕೆಳಗೆ ಬಿತ್ತು. ಮೂರನೆಯದನ್ನು ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಬೀಸಿದ. ಸಮ್ಮಟಿ ಪುಟಿದು ಹಿಂದಕ್ಕೆ ಬಂತು, ಅದರ ಜೊತೆಗೆ ಅಧ್ಯಕ್ಷನೂ ಬಂದು ಗಂಗಹನುಮಕ್ಕನ ಸೇವಂತಿಗೆ ಕುಕ್ಕೆಯಲ್ಲಿ ಕೂತುಬಿಟ್ಟ.

ಗೋಡೆ ಇದ್ದಲ್ಲೇ ಇತ್ತು. ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಎಲ್ಲರೂ ಒಮ್ಮೆಲೇ ಕೇಕೆ ಹಾಕಿದರು. ಮೂವತ್ತು ಹೆಂಗಸರೂ ಕುಕ್ಕೆಯಿಂದ ಹೂ ಬಾಚಿ ಬಾಚಿ ಗೋಡೆಗೆ ಎರಚಿದರು. ಕೆಂಚಣ್ಣ ಹೊಸ ವಿಳ್ಳೇದೆಲೆಯ ಮೇಲೆ ಅಡಿಕೆ ಇಟ್ಟು ಅಧ್ಯಕ್ಷನ ಕೈಗೆ ಕೊಟ್ಟ.

"ಏಳಿ ಅಧ್ಯಕ್ಷರೇ, ನನ್ನ ಹೂವ ಅಪ್ಪಚ್ಚಿ ಆಗ್ತೈತೆ" ಎಂದಳು ಗಂಗಹನುಮಕ್ಕ.

ಜೆಸಿಬಿ ಬಂದ ದಾರಿಯಲ್ಲೇ ಹೋಯಿತು. ಆ ತಿಂಗಳೇ ಊರಿನವರು ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಗಾರೆ ಅರೆದು ಗೋಡೆಗೆ ಹೊಸದಾಗಿ ಬಳಿದರು. ಈ ಸಲವೂ ಮನೆಗೊಂದು ಕೊಡ. ಪರಮಶಿವಯ್ಯ ಪೇಪರಿನವರನ್ನು ಕರೆಸಿ, ಮಂಟಪ ಉಳಿಸಿದ್ದು ತಾನೇ ಎಂದು ಹೇಳಿಕೊಂಡ. ಹೇಳಿಕೊಳ್ಳಲಿ ಬಿಡಿ, ಕೊನೆಗೆ ಅವನೂ ಒಂದು ಕೊಡ ಹೊತ್ತಿದ್ದ.

ಯುಗಾದಿಗೆ ಬೀಗರು ಬಂದರು. ಈ ಸಲ ಕೆಂಚಣ್ಣ ಅವರಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ. ಕೈ ಹಿಡಿದು ಸೀದಾ ಮಂಟಪಕ್ಕೆ ಎಳೆದುಕೊಂಡು ಹೋದ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು, ಮಲ್ಲಿಗೆಯ ಘಮ. ಬೀಗರ ಅಂಗೈಯನ್ನು ಗೋಡೆಯ ಮೇಲೆ ಒತ್ತಿ ಹಿಡಿದ.

"ಮುಟ್ಟಿ ನೋಡಿ ಬೀಗರೇ."

"ಒಳ್ಳೇ ಗೋಡೆ. ಇದನ್ನ ನೀವು ಕಟ್ಟಿದ್ರಾ?"

"ಇಲ್ಲ. ನಾನು ಕೆಡವಲಿಲ್ಲ" ಎಂದ ಕೆಂಚಣ್ಣ, ಎದೆಯುಬ್ಬಿಸಿ.

ಈರತಿಮ್ಮಯ್ಯ ಈ ಸಲ ನಗಲಿಲ್ಲ. ಬಹಳ ಹೊತ್ತು ಗೋಡೆಯ ಮೇಲಿಂದ ಕೈ ತೆಗೆಯಲೂ ಇಲ್ಲ.

ನೀತಿ: ಹಳೆಯದು ಹಾಳಾಗಿದೆ ಎಂದು ಯಾರಾದರೂ ಹೇಳಿದರೆ, ಹಾಳು ಮಾಡಿದ್ದು ಅದರ ವಯಸ್ಸೋ ನಮ್ಮ ಕೈಯೋ ಎಂದು ಮೊದಲು ಕೂತು ನೋಡಬೇಕು. ಕೆಡವುವ ಕೆಲಸ ನಾಳೆಯೂ ಆಗುತ್ತದೆ, ಕೆಡವಿದ್ದು ಮಾತ್ರ ಎಂದಿಗೂ ಮರಳಿ ಬರುವುದಿಲ್ಲ. ಎತ್ತಿದ ಕೈಯನ್ನು ಸಮಯಕ್ಕೆ ಇಳಿಸಿದವನೂ ಕಟ್ಟಿದವನಷ್ಟೇ ದೊಡ್ಡವನು.