ಹೊಳೆಯವ್ವನ ಕಿವಿ

"ಗುರುಗಳೇ, ಭಾವ ಶುದ್ಧವಾಗಿದ್ದರೆ ಮೂರ್ತಿ ಎಲ್ಲಿದ್ದರೇನು?" ಎಂದು ನಿರುಪಾದಿ ಕೇಳಿದ.

ಅವನು ಪಟ್ಟಣದ ಮ್ಯೂಸಿಯಂ ನೋಡಿಕೊಂಡು ಆಗಷ್ಟೇ ಮಠಕ್ಕೆ ಮರಳಿದ್ದ. ಅಲ್ಲಿ ಅವನ ಕಣ್ಣಿಗೆ ವಿಆರ್ ಕನ್ನಡಕ ಕಟ್ಟಿದ್ದರು. ಎಂದೋ ಹಾಳಾದ ಗುಡಿ ಅದರೊಳಗೆ ಇಡಿಯಾಗಿ ನಿಂತಿತ್ತು. ದೀಪ ಉರಿಯುತ್ತಿತ್ತು, ಗಂಟೆ ಕೇಳುತ್ತಿತ್ತು. "ನನಗೆ ಕಣ್ಣೀರೇ ಬಂತು. ಅದೂ ದರ್ಶನವೇ ಅಲ್ಲವೆ?" ಎಂದ.

"ಈರುಳ್ಳಿ ಹೆಚ್ಚಿದರೂ ಕಣ್ಣೀರು ಬರುತ್ತದೆ. ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ಅಂಬಿಗರ ಕೇರಿ ಇತ್ತು. ಅವರ ದೇವತೆ ಹೊಳೆಯವ್ವ. ಮೊಳದುದ್ದದ ಕರಿಕಲ್ಲಿನ ಮೂರ್ತಿ, ಅಂಥ ಚೆಲುವೆಯೇನೂ ಅಲ್ಲ. ಕೂಸು ಹುಟ್ಟಿದರೆ ಅದರ ಹೆಸರನ್ನು ಮೊದಲು ಹೊಳೆಯವ್ವನ ಕಿವಿಯಲ್ಲಿ ಹೇಳಬೇಕು, ಆಮೇಲೆ ಕೂಸಿನ ಕಿವಿಯಲ್ಲಿ. ಒಂದೇ ಸಲ ಹೇಳಬೇಕು. ಅವ್ವ ಕೇಳಿಸಿಕೊಳ್ಳದ ಹೆಸರನ್ನು ಹೊಳೆ ಗುರುತಿಸುವುದಿಲ್ಲ, ಗುರುತಿಲ್ಲದವರನ್ನು ಒಯ್ದುಬಿಡುತ್ತದೆ ಎಂದು ಅವರು ನಂಬಿದ್ದರು. ನಗಬೇಡ. ಅದು ದಿನಾ ಹೊಳೆಗೆ ಇಳಿಯುವವರ ನಂಬಿಕೆ, ನಿನ್ನ ಹಾಗೆ ದಂಡೆಯ ಮೇಲೆ ಕೂತವರದ್ದಲ್ಲ.

ಕಳ್ಳರು ಮೂರ್ತಿಯನ್ನು ಹೊತ್ತೊಯ್ದರು. ಪೊಲೀಸರು ಅವರನ್ನು ಹಿಡಿದರು. ಕೇರಿಯವರು ಡೊಳ್ಳು ಸಿದ್ಧಮಾಡಿಕೊಂಡು ಕಾದರು. ಮೂರ್ತಿ ಗುಡಿಗೆ ಬರಲಿಲ್ಲ, ಮ್ಯೂಸಿಯಂನ ಗಾಜಿನ ಪೆಟ್ಟಿಗೆಗೆ ಹೋಯಿತು. ನಿಮ್ಮ ಗುಡಿಗೆ ಗಟ್ಟಿ ಬಾಗಿಲಿಲ್ಲ, ಇದು ಬಹಳ ಹಳೆಯ ಶಿಲ್ಪ, ಇಲ್ಲಿದ್ದರೇ ಕ್ಷೇಮ ಎಂದರು ಅಲ್ಲಿಯವರು. ಕಳ್ಳನ ಕೈ ತಪ್ಪಿಸಿಕೊಂಡವಳು ಕಾವಲುಗಾರನ ಕೈಗೆ ಸಿಕ್ಕಳು, ಅಷ್ಟೇ.

ಗಾಜಿನೊಳಗಿನ ಕಿವಿಗೆ ಹೇಳುವುದು ಹೇಗೆ? ಆಮೇಲೆ ಹುಟ್ಟಿದ ಮಕ್ಕಳಿಗೆ ಹೆಸರೇ ಇಲ್ಲ. ಕೂಸು, ಪಾಪು, ತಮ್ಮ ಎಂದೇ ಕರೆಯುತ್ತಿದ್ದರು. ನಡೆಯಲು ಕಲಿತವನ್ನೂ ನೀರಿಗೆ ಬಿಡುತ್ತಿರಲಿಲ್ಲ. ಅಂಬಿಗರ ಮಕ್ಕಳು ನೀರು ಕಂಡರೆ ಹೆದರುವಂತಾಯಿತು. ಇದಕ್ಕಿಂತ ಕೇಡು ಬೇಕೆ?

ಕೇರಿಯವರು ಜಿಲ್ಲೆಯ ದೊಡ್ಡ ಸಾಹೇಬರ ಹತ್ತಿರ ಹೋಗಿ ಅತ್ತುಕೊಂಡರು. ಮೂರ್ತಿ ಯಾರ ಬಳಿ ಇರಬೇಕೆಂದು ವಿಚಾರಣೆ ಮಾಡಿ ಹೇಳುತ್ತೇನೆ ಎಂದರು ಸಾಹೇಬರು. ಅದಕ್ಕೆ ಮೊದಲೇ ಮ್ಯೂಸಿಯಂನ ಅಧಿಕಾರಿ ಕೇರಿಗೆ ಬಂದ. ಗದರುವವನಲ್ಲ, ನಯವಾದವನು. ಗದರುವವರನ್ನು ಹೇಗಾದರೂ ತಡೆದುಕೊಳ್ಳಬಹುದು, ನಯವಾದವರಿಂದ ದೇವರೇ ಕಾಪಾಡಬೇಕು. ಅವನು ನೀನು ಕಟ್ಟಿಕೊಂಡಂಥದೇ ಕನ್ನಡಕ ತಂದಿದ್ದ. ಅದರೊಳಗೆ ಹೊಳೆಯವ್ವ ಅವಳ ಗುಡಿಯಲ್ಲೇ ಕೂತಿದ್ದಳು. ಮೂಗಿನ ಮೇಲೆ ಚಕ್ಕೆ ಎದ್ದದ್ದೂ ಕಾಣುತ್ತಿತ್ತು.

"ಅವ್ವನನ್ನು ಮನೆಗೇ ತಂದಿದ್ದೇನೆ. ಇದನ್ನು ನಿಮ್ಮ ಗುಡಿಯಲ್ಲೇ ಇಟ್ಟುಕೊಳ್ಳಿ" ಎಂದ.

ಆ ಗುಡಿಯ ಪೂಜೆ ಮಾಡುವವಳು ಬಾಳವ್ವ ಎಂಬ ಮುದುಕಿ. ಹೆಸರಿಲ್ಲದ ಮೊಮ್ಮಗಳು ಅವಳ ಸೊಂಟದ ಮೇಲಿದ್ದಳು. "ಅಷ್ಟು ಛಲೋ ಇದ್ರ ಅದನ್ನ ನೀವ ಇಟ್ಕೊಳ್ರಿ ಸಾಹೇಬ್ರ. ನಮ್ಮ ಕಲ್ಲು ನಮಗ ಕೊಡ್ರಿ" ಎಂದಳು. ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಕ್ಕ. ನೋಡುವುದಕ್ಕೇನು ಖರ್ಚೇ ಎನ್ನುತ್ತ ಅವಳ ಕಣ್ಣಿಗೆ ಕನ್ನಡಕ ಕಟ್ಟಿದ.

ಕಟ್ಟಿದ್ದೇ ತಡ, ಎಷ್ಟೋ ದಿನದಿಂದ ಕಾಣದ ತಾಯಿ ಎದುರಿಗೆ ಕೂತಿದ್ದಾಳೆ. ಬಾಳವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮೊಮ್ಮಗಳನ್ನು ಎದೆಗೊತ್ತಿಕೊಂಡು ಬಾಗಿ, ಬರಿ ಗಾಳಿಯಲ್ಲಿ ಕಿವಿ ಹುಡುಕಿ, ಹೆಸರನ್ನು ಹೇಳಿಯೇಬಿಟ್ಟಳು. ಆಮೇಲೆ ಕೂಸಿನ ಕಿವಿಯಲ್ಲೂ ಹೇಳಿದಳು. ಅಯ್ಯೋ, ಹೇಳಬಾರದಿತ್ತು. ಆದರೆ ತಾಯಿ ಎದುರಿಗೆ ಕಂಡಾಗ ಹಿಂದುಮುಂದು ನೋಡುವ ಜನವಲ್ಲ ಅದು.

ಏನು ಮಾಡಿದಳೆಂದು ಅಧಿಕಾರಿ ಪಕ್ಕದವರನ್ನು ಕೇಳಿದ. ಅವರು ತಮ್ಮ ಪದ್ಧತಿಯನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ಯಾರಾದರೂ ನಗುನಗುತ್ತ ಕೇಳಿದರೆ ಸಾಕು, ನಮ್ಮ ಜನ ಮನೆಯ ಕದ ತೆಗೆದಿಡುತ್ತಾರೆ.

ವಿಚಾರಣೆಯ ದಿನ ಅಧಿಕಾರಿ ಬೇರೆ ವಾದವನ್ನೇ ಹೂಡಲಿಲ್ಲ. ಬಾಳವ್ವನನ್ನು ಕರೆದು ಕೇಳಿದ: "ಅವ್ವಾ, ಕನ್ನಡಕದೊಳಗೆ ಹೊಳೆಯವ್ವನಿಗೆ ಹೆಸರು ಹೇಳಿದಿರಲ್ಲ, ಆಕೆ ಕೇಳಿಸಿಕೊಂಡಳೋ ಇಲ್ಲವೋ?"

ಕೇರಿಯವರೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತರು. ಇಲ್ಲ ಎಂದರೆ ಮೂರ್ತಿ ಊರಿಗೆ ಬರುತ್ತದೆ. ಆದರೆ ಹೆಸರು ಬಾಯಿಂದ ಹೊರಗೆ ಬಿದ್ದಾಗಿದೆ, ಎರಡನೆಯ ಸಲ ಹೇಳುವಂತಿಲ್ಲ. ಅವ್ವ ಕೇಳಲಿಲ್ಲ ಎಂದು ತಾನೇ ಬಾಯಿಬಿಟ್ಟು ಹೇಳಿದರೆ, ಆ ಕೂಸನ್ನು ತನ್ನ ಕೈಯಾರೆ ಹೊಳೆಗೆ ಕೊಟ್ಟಂತೆ. ಕೂಸು ಸೆರಗಿನ ತುದಿ ಚೀಪುತ್ತಿತ್ತು.

"ಕೇಳ್ಯಾಳ್ರಿ" ಎಂದಳು ಬಾಳವ್ವ.

"ತಾಯಿ ಅವರ ಹತ್ತಿರವೇ ಇದ್ದಾಳೆ ಸರ್. ಇನ್ನು ಕಲ್ಲು ಎಲ್ಲಿದ್ದರೇನು?" ಎಂದ ಅಧಿಕಾರಿ.

ಸಾಹೇಬರು ತಲೆದೂಗಿದರು. ಮೂರ್ತಿ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ಕನ್ನಡಕ ಗುಡಿಗೆ ಬಂತು. ಕರೆಂಟು ಇದ್ದರೆ ದೇವತೆ ಇದ್ದಾಳೆ, ಹೋದರೆ ಇಲ್ಲ. ಉಳಿದ ತಾಯಂದಿರು ಅದನ್ನು ಕಟ್ಟಿಕೊಳ್ಳಲು ಒಪ್ಪಲಿಲ್ಲ. ಬಾಳವ್ವನ ಮನೆ ಮುಂದೆ ನಿಂತು ಹಿಡಿ ಹಿಡಿ ಮಣ್ಣು ತೂರಿದರು. ನಿನ್ನ ಕೂಸಿಗೆ ಹೆಸರಾಯಿತು, ನಮ್ಮವು ಏನು ಮಾಡಬೇಕು ಎಂದು ಶಪಿಸಿದರು. ಬಾಳವ್ವ ಈಗ ಮೊಮ್ಮಗಳನ್ನು ಹೆಸರು ಹಿಡಿದು, ಓಣಿಗೆಲ್ಲ ಕೇಳುವಂತೆ ಕೂಗಿ ಕರೆಯುತ್ತಾಳೆ. ಆದರೆ ಆ ಕೂಸನ್ನು ಇವತ್ತಿನವರೆಗೂ ನೀರಿಗೆ ಬಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಆಕೆಯ ಭಾವ ನಿಜವಾದದ್ದೇ ಅಲ್ಲವೆ?"

"ನಿಜವಾದದ್ದೇ ಕಣಪ್ಪಾ, ಸುಳ್ಳಾಗಿದ್ದರೆ ಮೂರ್ತಿ ಇಷ್ಟು ಹೊತ್ತಿಗೆ ಗುಡಿಯಲ್ಲಿರುತ್ತಿತ್ತು."