ಕತ್ತೆ ಕಾಣದ ಫಲಕ

ಕಪಿಲೆಯ ದಡದಲ್ಲಿ ಒಂದು ಪುಟ್ಟ ಆಶ್ರಮ. ಬೆಳಿಗ್ಗೆ ಅಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು, ಸಂಜೆ ತತ್ವಪದ.

ಎರಡನ್ನೂ ಕಲಿಸುತ್ತಿದ್ದವರು ಸರ್ವಮಂಗಳಮ್ಮ ಒಬ್ಬರೇ. ಪಟ್ಟಣದಲ್ಲಿ ಬಹಳ ಕಾಲ ಕಂಪ್ಯೂಟರಿನ ಕೆಲಸ ಮಾಡಿ, ಸಾಕೆನಿಸಿದ ದಿನ ತಂಬೂರಿ ಹೆಗಲಿಗೇರಿಸಿಕೊಂಡು ಬಂದವರು. ಎರಡೂ ಒಂದೇ ವಿದ್ಯೆ ಎಂದು ಅವರು ಹೇಳಿದರೆ ಹೊಸ ಶಿಷ್ಯರು ನಗುತ್ತಿದ್ದರು. ಹಳಬರು ನಗುವುದನ್ನು ಬಿಟ್ಟಿದ್ದರು.

ಶಿಷ್ಯರಲ್ಲಿ ಪಂಚಾಕ್ಷರಿ ಬಲು ಅಚ್ಚುಕಟ್ಟಿನವನು. ಏನು ಮಾಡಿದರೂ ಇನ್ನೊಂದು ಸಲ ತಿದ್ದದೆ ಬಿಡುವವನಲ್ಲ. ಹಾಡನ್ನೂ ಅಷ್ಟೇ, ದನದ ಕೊಟ್ಟಿಗೆಯ ಹಿಂದೆ ನಿಂತು ತಿದ್ದುತ್ತಿದ್ದ. ಅವನ ಹಾಡು ಕೇಳಿದ್ದು ಆಶ್ರಮದ ಎರಡು ಹಸುಗಳು ಮಾತ್ರ.

"ಈ ಹುಣ್ಣಿಮೆಗೆ ನೀನೊಬ್ಬನೇ ಕೂತು ಹಾಡೋ," ಎಂದು ಅಮ್ಮ ಎಷ್ಟೋ ಹುಣ್ಣಿಮೆಗಳಲ್ಲಿ ಕೇಳಿದ್ದರು.

"ಇನ್ನೂ ಸರಿ ಹೋಗಿಲ್ಲಮ್ಮ. ತಿದ್ತಾ ಇದ್ದೀನಿ," ಎನ್ನುತ್ತಿದ್ದ.

ಹಾಡು ಕೇಳಲು ಬರುತ್ತಿದ್ದವರು ಆಚೆ ದಡದ ಊರಿನವರು. ಬರಬೇಕೋ ಬೇಡವೋ ಎಂದು ಅವರು ಮೊಬೈಲಿನಲ್ಲಿ ಆಶ್ರಮದ ಪುಟ ತೆರೆದು ನೋಡುತ್ತಿದ್ದರು. ಪುಟದ ಮೇಲ್ಗಡೆ ಒಂದು ಫಲಕ. ಮಳೆಗಾಲದಲ್ಲಿ ದೋಣಿ ನಿಂತಾಗ ಪಂಚಾಕ್ಷರಿ ಅದರಲ್ಲಿ 'ಹೊಳೆ ತುಂಬಿದೆ, ಹಾಡು ಇಲ್ಲ' ಎಂದು ಬರೆದಿದ್ದ.

ಹೊಳೆ ಇಳಿಯಿತು. ಪಂಚಾಕ್ಷರಿ ಫಲಕ ತಿದ್ದಿದ. ಫಲಕ ಮಾತ್ರ ಹೊಳೆ ತುಂಬಿದೆ ಎಂದೇ ಹಟ ಹಿಡಿಯಿತು.

ದೋಣಿಯ ಜವರಯ್ಯ ಆಚೆ ದಡದಲ್ಲಿ ನಿಂತು, "ಹೊಳೆ ಇಳಿದೈತೆ ಬನ್ರಪ್ಪಾ," ಎಂದು ಕೂಗಿದ. ಜನ ಕಣ್ಣೆದುರಿನ ಹೊಳೆ ನೋಡಿದರು, ಕೈಯಲ್ಲಿದ್ದ ಮೊಬೈಲು ನೋಡಿದರು, ಮೊಬೈಲನ್ನೇ ನಂಬಿ ಮನೆಗೆ ಹೋದರು.

ಹಾಡಿನ ಚಾಪೆ ದಿನವೂ ಖಾಲಿ.

ಹುಣ್ಣಿಮೆಯ ಬೆಳಿಗ್ಗೆ ಸರ್ವಮಂಗಳಮ್ಮ ಹೇಳಿದರು:

"ಇವತ್ತೂ ಯಾರೂ ಬರದಿದ್ರೆ ಚಾಪೆ ಸುತ್ತಿಟ್ಟುಬಿಡೋಣ. ಜಾವಾ ಒಂದೇ ಸಾಕು. ಗೋಡೆಗೆ ಹಾಡಿ ಹಾಡಿ ನನಗೂ ಸಾಕಾಗಿದೆ."

ಪಂಚಾಕ್ಷರಿ ಆಶ್ರಮಕ್ಕೆ ಬಂದದ್ದೇ ಆ ಚಾಪೆಗಾಗಿ.

"ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದುಬಿಡ್ಲಾ ಅಮ್ಮ?"

"ಮಾಡು. ನಾಳೆಯೂ ಮಾಡು. ನಾಳಿದ್ದೂ ಮಾಡು."

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಹೊಂಗೆಮರದ ಕೆಳಗೆ ಹೋಗಿ ಕುಳಿತ.

ಫಲಕ ಅವನೇ ಕಟ್ಟಿದ ಕಾಂಪೊನೆಂಟು, ಅಂದರೆ ಪುಟದಲ್ಲಿ ಕೂರಿಸುವ ಒಂದು ಬಿಡಿಭಾಗ. ಅದು ಹೇಗೆ ಕಾಣಬೇಕು, ಏನು ಹೇಳಬೇಕು ಎಂಬುದೆಲ್ಲ ಟೆಂಪ್ಲೇಟ್ ಎಂಬ ಒಂದು ಕಡತದಲ್ಲಿರುತ್ತದೆ. ಪಂಚಾಕ್ಷರಿ ಅದನ್ನು ತೆರೆದು 'ಇಂದು ಸಂಜೆ ಹಾಡುಂಟು, ಬನ್ನಿ' ಎಂದು ಮತ್ತೆ ಬರೆದ. ಪುಟವನ್ನು ಜನರ ಮೊಬೈಲಿಗೆ ಕಳಿಸುವ ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಪುಟ ತೆರೆದ.

ಹೊಳೆ ತುಂಬಿತ್ತು.

ಅಕ್ಷರ ದಪ್ಪ ಮಾಡಿದ. ಬಣ್ಣ ಬದಲಿಸಿದ. ಸುತ್ತ ಅಂಚು ಕಟ್ಟಿದ. ಸಾಲದೆಂದು ಮೂಲೆಯಲ್ಲಿ ಒಂದು ಕಮಲ ಬಿಡಿಸಿದ. ದಳ ದಳವನ್ನೂ ತಿದ್ದಿದ. ಊಟದ ಗಂಟೆ ಬಾರಿಸಿದರೂ ಏಳಲಿಲ್ಲ.

ಸರ್ವಮಂಗಳಮ್ಮ ಒಂದು ಲೋಟ ಮಜ್ಜಿಗೆ ಹಿಡಿದು ಬಂದರು.

"ಏನಾಯ್ತೋ?"

"ಎಲ್ಲಾ ಸರಿಯಾಗಿದೆ ಅಮ್ಮ. ಆದ್ರೂ ಸರಿಯಾಗ್ತಿಲ್ಲ."

ಅವರು ಬಗ್ಗಿ ಟೆಂಪ್ಲೇಟ್ ನೋಡಿದರು.

"ಕಮಲ ಚೆನ್ನಾಗಿದೆ."

"ಹೌದಾ ಅಮ್ಮ?" ಅವನ ಮುಖ ಅರಳಿತು.

"ಪುಟದಲ್ಲಿ ಕಾಣ್ತಾ?"

"ಇಲ್ಲ." ಮುಖ ಬಾಡಿತು. "ಇನ್ನೂ ಎಲ್ಲೋ ತಪ್ಪಿದೆ. ಹುಡುಕಿ ತಿದ್ತೀನಿ."

"ತಿದ್ದಬೇಡ. ಕೆಡಿಸು."

"ಅಮ್ಮ!"

"ಕೆಡಿಸು ಅಂದೆ."

ಪಂಚಾಕ್ಷರಿ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಹುಟ್ಟಿದಾಗಿನಿಂದ ಅವನು ಬೇಕೆಂದೇ ಏನನ್ನೂ ಕೆಡಿಸಿದವನಲ್ಲ. ಮಜ್ಜಿಗೆ ಲೋಟವನ್ನು ಅವನ ಕೈಗಿಟ್ಟು ಅಮ್ಮನೇ ಕೀಲಿಗಳ ಮೇಲೆ ಬೆರಳಾಡಿಸಿದರು. ಅವನು ಅಷ್ಟು ಮುತುವರ್ಜಿಯಿಂದ ಬರೆದ ಸಾಲು ಅಳಿಸಿಹೋಯಿತು. ಆ ಜಾಗದಲ್ಲಿ ಹೊಸ ಸಾಲು ಬಂತು.

'ಇಂದು ಸಂಜೆ ಆಶ್ರಮದಲ್ಲಿ ಕತ್ತೆ ಹಾಡುತ್ತದೆ.'

ಪಂಚಾಕ್ಷರಿಗೆ ಮಜ್ಜಿಗೆ ನೆತ್ತಿಗೆ ಹತ್ತಿತು.

"ಈಗ ಸರ್ವರ್ ಶುರು ಮಾಡಿ ಪುಟ ತೆಗಿ," ಎಂದರು ಅಮ್ಮ.

ತೆಗೆದ. ಹೊಳೆ ತುಂಬಿತ್ತು.

"ಕತ್ತೆ ಎಲ್ಲೋ?"

"ಕಾಣಿಸ್ತಿಲ್ಲಮ್ಮ."

"ಇಷ್ಟು ದೊಡ್ಡ ಕತ್ತೆನೇ ಕಾಣದ ಕಡೆ ನಿನ್ನ ಕಮಲ ಹೇಗೋ ಕಂಡೀತು?"

ಪಂಚಾಕ್ಷರಿ ಉಳಿದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿದ.

"ಬೆಳಗಿಂದ ಯಾರ ಮನೆ ಗೋಡೆಗೆ ಸುಣ್ಣ ಹೊಡೀತಿದ್ದೀಯ, ಮೊದಲು ನೋಡಿಕೋ," ಎಂದು ಹೇಳಿ ಅವರು ಖಾಲಿ ಲೋಟ ತೆಗೆದುಕೊಂಡು ಹೋದರು.

ಪಂಚಾಕ್ಷರಿ ಟೆಂಪ್ಲೇಟನ್ನು ಬಿಟ್ಟ. ಸರ್ವರು ನಿಜಕ್ಕೂ ಓದುತ್ತಿರುವುದು ಯಾವುದನ್ನು ಎಂದು ಹುಡುಕಲು ಹೊರಟ. ಹುಡುಕಿದ ಮೇಲೆ ಸಿಕ್ಕಿತು. ಇನ್ನೊಂದು ಪುಟಕ್ಕೂ ಬೇಕಾದೀತೆಂದು ಮಳೆಗಾಲದಲ್ಲಿ ಅವನೇ ಫಲಕವನ್ನು ಜಾರ್ ಎಂಬ ಗಂಟಾಗಿ ಕಟ್ಟಿ ಸರ್ವರಿನೊಳಗೆ ಇಟ್ಟಿದ್ದ. ಇಟ್ಟದ್ದನ್ನು ಮರೆತಿದ್ದ. ಸರ್ವರು ಪ್ರತಿ ಸಲವೂ ಮೊದಲು ಆ ಗಂಟನ್ನೇ ಬಿಚ್ಚಿ, ಅದರೊಳಗಿನ ಹಳೆಯ ಟೆಂಪ್ಲೇಟನ್ನೇ ಓದುತ್ತಿತ್ತು. ಅದೇ ಹೆಸರಿನ ಕಡತ ಅಲ್ಲೇ ಸಿಕ್ಕಮೇಲೆ ಹೊಸದರ ಕಡೆಗೆ ಅದು ತಿರುಗಿಯೂ ನೋಡುತ್ತಿರಲಿಲ್ಲ.

ಗಂಟನ್ನು ತೆಗೆದುಹಾಕಿದ. ಸರ್ವರ್ ಶುರು ಮಾಡಿ ಪುಟ ತೆರೆದ.

ಹೊಳೆ ಇಳಿದಿತ್ತು! ಫಲಕದ ಮೂಲೆಯಲ್ಲಿ ಕಮಲ ಅರಳಿತ್ತು. ಎಂಥಾ ಕಮಲ! ಒಂದು ದಳವೂ ಆಚೀಚೆ ಆಗಿರಲಿಲ್ಲ. ಪಂಚಾಕ್ಷರಿ ಅದನ್ನೇ ಕಣ್ತುಂಬ ನೋಡಿದ. ಖುಷಿ ತಡೆಯಲಾಗದೆ ಮರದ ಸುತ್ತ ಒಂದು ಸುತ್ತು ಓಡಿಬಂದ.

"ಅಮ್ಮ, ಬಂತು! ಬಂದುಬಿಡ್ತು!"

ಸರ್ವಮಂಗಳಮ್ಮ ಬಂದು ಪುಟ ನೋಡಿದರು. ಮತ್ತೊಮ್ಮೆ ನೋಡಿದರು. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಲ್ಯಾಪ್‌ಟಾಪ್ ಮಡಿಸಿದರು.

"ಚೆನ್ನಾಗಿದೆ. ಹೋಗಿ ಸ್ನಾನ ಮಾಡು. ಚಾಪೆ ಹಾಸು."

"ಎಷ್ಟು ಚಾಪೆ ಅಮ್ಮ?"

"ಇರೋವಷ್ಟೂ."

ಬಿಸಿಲು ಇಳಿಯುವ ಹೊತ್ತಿಗೆ ಜವರಯ್ಯನ ದೋಣಿ ಬಂತು. ತುಂಬಿ ಬಂತು. ಜನರನ್ನು ಇಳಿಸಿ ಮತ್ತೆ ಹೋಯಿತು, ಮತ್ತೆ ತುಂಬಿಕೊಂಡು ಬಂತು. ಮಳೆಗಾಲಕ್ಕೆ ಮುಂಚೆ ಹಾಡು ಕೇಳಲು ಬರುತ್ತಿದ್ದವರೆಲ್ಲ ಬಂದರು. ಹಾಡೆಂದರೆ ಆಕಳಿಸುತ್ತಿದ್ದವರೂ ಬಂದರು. ಮಕ್ಕಳಂತೂ ದೋಣಿಯಲ್ಲಿ ನಿಂತೇ ಕಿರುಚುತ್ತಿದ್ದವು.

ಪಂಚಾಕ್ಷರಿ ಹಿಗ್ಗಿ ಹೀರೇಕಾಯಿಯಾಗಿ ಬಂದವರನ್ನೆಲ್ಲ ಕೈಹಿಡಿದು ಚಾಪೆಗೆ ಕೂರಿಸಿದ.

ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಅಜ್ಜಿ ಅವನ ಪಂಚೆಯ ತುದಿ ಜಗ್ಗಿ ಕೇಳಿದಳು:

"ಕತ್ತೆನಾ ಯಾವಾಗ ಕರ್ಕೊಂಡ್ ಬತ್ತೀರಪ್ಪಾ?"

"ಯಾವ ಕತ್ತೆ ಅಜ್ಜಿ?"

ಅಜ್ಜಿ ಮೊಮ್ಮಗಳ ಮೊಬೈಲು ಇಸಿದುಕೊಂಡು ಅವನ ಮುಖಕ್ಕೆ ಹಿಡಿದಳು. ಚೆಂದದ ಫಲಕ. ಚೆಂದದ ಅಂಚು. ಮೂಲೆಯಲ್ಲಿ ಕಮಲ. ನಡುವೆ, ಅವನೇ ದಪ್ಪ ಮಾಡಿದ ಅಕ್ಷರಗಳಲ್ಲಿ, ಕತ್ತೆ.

ಪಂಚಾಕ್ಷರಿ ಒಂದೇ ಉಸಿರಿಗೆ ಒಳಗೆ ಓಡಿದ. ಸರ್ವಮಂಗಳಮ್ಮ ತಂಬೂರಿಯ ತಂತಿ ಬಿಗಿಯುತ್ತಿದ್ದರು.

"ಅಮ್ಮ! ನೀವು ಬರೆದದ್ದು ಹಾಗೇ ಉಳಿದುಬಿಟ್ಟಿದೆ! ನಾನು ಕಮಲ ನೋಡಿದೆ, ಸಾಲು ನೋಡ್ಲೇ ಇಲ್ಲ!"

"ನಾನು ನೋಡಿದೆ."

"ನೋಡಿಯೂ ಸುಮ್ಮನಿದ್ರಾ?"

"ಜನ ಬಂದ್ರಾ?"

"ಬಂದಿದ್ದಾರೆ. ಕೂರೋಕೆ ಜಾಗ ಇಲ್ಲ. ಆದ್ರೆ ಎಲ್ಲರೂ ಕತ್ತೆ ಎಲ್ಲಿ ಅಂತಿದ್ದಾರಲ್ಲಮ್ಮ!"

ಹೊರಗೆ ಮಕ್ಕಳು ಆಗಲೇ ಕತ್ತೆಯಂತೆ ಕೂಗಲು ಶುರು ಮಾಡಿದ್ದವು. ದೊಡ್ಡವರು ಅವನ್ನು ಗದರಿಸಿ, ತಾವೂ ನಗುತ್ತಿದ್ದರು.

"ಒಂದೇ ನಿಮಿಷ ತಡೀರಿ," ಎಂದು ಪಂಚಾಕ್ಷರಿ ಲ್ಯಾಪ್‌ಟಾಪಿಗೆ ಕೈ ಹಾಕಿದ. "ಆ ಸಾಲು ತಿದ್ದಿ ಬಂದುಬಿಡ್ತೀನಿ."

ಸರ್ವಮಂಗಳಮ್ಮ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ತಂಬೂರಿಯನ್ನು ಅವನ ಕೈಗಿತ್ತರು.

"ಇದ್ದದ್ದನ್ನೇ ಬರೆದಿದೆ, ಯಾಕೋ ತಿದ್ದೋದು? ಹೋಗು, ಶ್ರುತಿ ಹಿಡಿದು ನೀನೇ ಹಾಡು."